ಫ್ರೀಡ್ರಿಕ್ ಮೋಹ್ಸ್: ಸಂಗ್ರಹದಿಂದ ಮಾಪಕದೆಡೆಗೆ

ಖನಿಜವಿಜ್ಞಾನಿ ಫ್ರೀಡ್ರಿಕ್ ಮೋಹ್ಸ್ 1773ರಲ್ಲಿ ಜರ್ಮನಿಯ ಗೆರ್ನ್‌ರೋಡೆಯಲ್ಲಿ ಜನಿಸಿದರು. ಫ್ರೈಬರ್ಗ್‌ನ ಗಣಿಗಾರಿಕೆ ವಿದ್ಯಾಲಯದಲ್ಲಿ ವೆರ್ನರ್ ಅವರ ಶಿಷ್ಯರಾಗಿದ್ದ ಅವರಿಗೆ, 1802ರಲ್ಲಿ ವಿಯೆನ್ನಾದ ಬ್ಯಾಂಕ್ ಒಡೆಯರೊಬ್ಬರ ಖನಿಜಸಂಗ್ರಹವನ್ನು ವಿವರಿಸಿ ಸೂಚಿ ಸಿದ್ಧಪಡಿಸುವ ಕಾರ್ಯ ದೊರೆಯಿತು. ಅಪರಿಚಿತ ಖನಿಜವನ್ನು ಗುರುತಿಸುವ ಬಗೆ ಯಾವುದೆಂಬ ಪ್ರಶ್ನೆಯೇ ಅವರ ಅಧ್ಯಯನದ ಕೇಂದ್ರವಾಯಿತು.

1812ರಲ್ಲಿ ಗ್ರಾಜ್ ನಗರದ ಯೋಹಾನಿಯಂ ವಸ್ತುಸಂಗ್ರಹಾಲಯದ ಖನಿಜಸಂಗ್ರಹದ ಹೊಣೆ ಹೊತ್ತ ಮೋಹ್ಸ್, ಒಂದು ಖನಿಜವು ಇನ್ನೊಂದರ ಮೇಲೆ ಗೀರು ಮೂಡಿಸಬಲ್ಲದೇ ಎಂಬ ಸರಳ ಪರೀಕ್ಷೆಯನ್ನಾಧರಿಸಿ, ಮೃದುವಾದ ಬಳಪದ ಕಲ್ಲಿನಿಂದ ವಜ್ರದವರೆಗೆ 10 ಹಂತಗಳ ಕಾಠಿನ್ಯ ಮಾಪಕವನ್ನು ರೂಪಿಸಿದರು. 1818ರಲ್ಲಿ ಫ್ರೈಬರ್ಗ್‌ನಲ್ಲಿ ಗುರುವಿನ ಪೀಠವನ್ನೂ 1826ರಲ್ಲಿ ವಿಯೆನ್ನಾದ ಪ್ರಾಧ್ಯಾಪಕತ್ವವನ್ನೂ ಪಡೆದರು. 1839ರಲ್ಲಿ ಇಟಲಿಯ ಅಗೋರ್ಡೋದಲ್ಲಿ ನಿಧನರಾದರು.

ಸಸ್ಯಗಳಂತೆ ಖನಿಜಗಳನ್ನೂ ಬಾಹ್ಯ ಲಕ್ಷಣಗಳಿಂದಲೇ ವರ್ಗೀಕರಿಸಬೇಕೆಂಬುದು ಅವರ ನಿಲುವು. ರಾಸಾಯನಿಕ ವರ್ಗೀಕರಣವು ಆ ವ್ಯವಸ್ಥೆಯನ್ನು ಬದಿಗೆ ಸರಿಸಿತು. ಅದರ ಒಂದು ಸಾಧನ ಮಾತ್ರವಾಗಿದ್ದ ಮಾಪಕವು ಅವರ ಹೆಸರಿನಲ್ಲಿಯೇ ಇಂದಿಗೂ ಬಳಕೆಯಲ್ಲಿದೆ.