ಆಟದ ಗುರು

ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳ ಹಿರಿಯರಿಗೆ 'ಆಟ'ವೆಂದರೆ ಚೆಂಡಿನಾಟವಲ್ಲ, ಯಕ್ಷಗಾನ. ಈ ಆಟಕ್ಕೂ ತಂಡವನ್ನು ಪಳಗಿಸುವವರೊಬ್ಬರು ಬೇಕಷ್ಟೆ! ಹೊನ್ನಾವರ ತಾಲೂಕಿನ ಕೆರೆಮನೆ ಶಿವರಾಮ ಹೆಗಡೆಯವರು (೧೯೦೮–೧೯೯೨) ಅಂಥವರು. ೧೯೩೪ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಅವರು ಮೇಳ ಕಟ್ಟಿದರು. ೧೯೭೦ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂದಿತು.

ಅವರ ವೇಷವನ್ನು ಕಾಣುವ ಭಾಗ್ಯ ನನಗಿರಲಿಲ್ಲ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ನಾನು ಬಲ್ಲುದು ಅವರು ಬಿಟ್ಟುಹೋದುದನ್ನು ಮಾತ್ರ. ಮಗ ಶಂಭು ಹೆಗಡೆಯವರು ೧೯೮೬ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವನ್ನು ತೆರೆದರು. ಮನೆಯೊಳಗಿನ ವಿದ್ಯೆ ಊರ ಮಕ್ಕಳಿಗೂ ದೊರೆಯಿತು. ನನ್ನ ಮಟ್ಟಿಗೆ ತಂದೆಗೆ ಸಂದ ನಿಜವಾದ ಕಾಣಿಕೆ ಇದೇ, ಪ್ರಶಸ್ತಿಯಲ್ಲ. ೨೦೦೯ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ತೊಟ್ಟ ರಾತ್ರಿಯೇ ಶಂಭು ಹೆಗಡೆಯವರೂ ಅಗಲಿದರು. ಇನ್ನು ಮೇಳದ ಗತಿಯೇನು? ಆದರೆ ಮೊಮ್ಮಗ ಶಿವಾನಂದ ಹೆಗಡೆಯವರು ಅದನ್ನು ಕೈಗೆತ್ತಿಕೊಂಡರು.

ಒಂದು ಸಂಜೆ ಗುಣವಂತೆಗೆ ಹೋಗಿದ್ದೆ. ಚಂಡೆಯ ಸದ್ದು ರಸ್ತೆಗೇ ಕೇಳುತ್ತಿತ್ತು. ಒಳಗೆ ಹುಡುಗನೊಬ್ಬ ಹೆಜ್ಜೆ ತಪ್ಪಿದ. ಗುರುಗಳು ಗದರಲಿಲ್ಲ, ತಾಳವನ್ನು ಮತ್ತೆ ಮೊದಲಿನಿಂದ ಹಿಡಿದರು.