ಕೊಳಗದ ಲೆಕ್ಕ ಕೇಳಿದ ಗೋಪಾಲಗೌಡರು

ಓದು ಮುಗಿದು ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ನಮ್ಮ ಮಕ್ಕಳ ಮುಂದೆ ಕಾಗದಗಳ ರಾಶಿಯೇ ಬಂದು ಬೀಳುತ್ತದೆ. ಮನೆ ಬಾಡಿಗೆಯ ಕರಾರು, ಬ್ಯಾಂಕಿನ ಸಾಲಪತ್ರ, ವಿಮೆಯ ಷರತ್ತುಗಳು, ಆದಾಯ ತೆರಿಗೆಯ ಲೆಕ್ಕ, ಊರಿನ ಜಮೀನಿನ ಪಹಣಿ, ವಯಸ್ಸಾದ ತಂದೆತಾಯಿಯರ ಔಷಧದ ಖರ್ಚು. ಇವನ್ನೆಲ್ಲ ನಿಭಾಯಿಸುವುದು ಹೇಗೆಂದು ಯಾವ ಕಾಲೇಜೂ ಕಲಿಸಿರುವುದಿಲ್ಲ. ಯಶಸ್ಸಿನ ಸೂತ್ರಗಳನ್ನು ಹೇಳುವ ಪುಸ್ತಕಗಳು ಅಂಗಡಿಗಳಲ್ಲಿ ಸಾಲುಗಟ್ಟಿರುವುದು ನಿಜ. ಆದರೆ ಅವು ಬಹುಮಟ್ಟಿಗೆ ದೂರದೇಶದ ಉದ್ಯಮಪತಿಗಳ ದಿನಚರಿಯನ್ನು ಮಾದರಿಯಾಗಿ ಒಡ್ಡುತ್ತವೆ. ಇಪ್ಪತ್ತೆಂಟನೆಯ ವಯಸ್ಸಿಗೆ ನೂರಾರು ಕುಟುಂಬಗಳ ಅನ್ನದ ಪ್ರಶ್ನೆಯನ್ನು ತನ್ನ ಹೆಗಲಿಗೇರಿಸಿಕೊಂಡ ಯುವಕನೊಬ್ಬ ನಮ್ಮ ಮಲೆನಾಡಿನಲ್ಲೇ ಇದ್ದ. ಹೊಣೆ ಹೊರುವುದನ್ನು ಕಲಿಯಬೇಕಾದ ಪ್ರಾಯದವರು ಶಾಂತವೇರಿ ಗೋಪಾಲಗೌಡರ ಬದುಕನ್ನು ಒಮ್ಮೆ ಓದಬೇಕೆಂದು ನಾನು ಆಗ್ರಹಪೂರ್ವಕವಾಗಿ ಹೇಳುತ್ತೇನೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸಮೀಪದ ಶಾಂತವೇರಿಯಲ್ಲಿ. ಬಡತನದ ಮನೆ. ಸುತ್ತಲಿನ ಸಮಾಜವೋ ಗೇಣಿಯ ಸಮಾಜ. ಭತ್ತದ ಗದ್ದೆಯೂ ಅಡಿಕೆ ತೋಟವೂ ಕೆಲವೇ ಮನೆತನಗಳ ಹೆಸರಿನಲ್ಲಿದ್ದವು. ಉಳುವವರು ವರ್ಷವಿಡೀ ದುಡಿದು ಫಸಲಿನ ದೊಡ್ಡ ಪಾಲನ್ನು ಒಡೆಯರ ಅಂಗಳಕ್ಕೆ ಹೊತ್ತು ಹಾಕುತ್ತಿದ್ದರು. ಈ ವ್ಯವಸ್ಥೆಯನ್ನು ಕಣ್ಣಾರೆ ನೋಡುತ್ತ ಬೆಳೆದ ಹುಡುಗ ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಲೇಜಾವ್ ಚಳವಳಿಗೆ ಧುಮುಕಿ ಸೆರೆಮನೆ ಸೇರಿದರು. ಸ್ವಾತಂತ್ರ್ಯ ಬಂದ ಮೇಲೆ ಜೈಲಿಗೆ ಹೋಗಿ ಬಂದವರಿಗೆ ಅಧಿಕಾರದ ಬಾಗಿಲು ತೆರೆದಿತ್ತು. 1948ರಲ್ಲಿ ಸಮಾಜವಾದಿಗಳು ಕಾಂಗ್ರೆಸ್ಸಿನಿಂದ ಹೊರಬಂದು ತಮ್ಮದೇ ಪಕ್ಷ ಕಟ್ಟಿದಾಗ, ಆಳುವ ಪಕ್ಷದ ನೆರಳನ್ನು ಬಯಸದೆ ಗೋಪಾಲಗೌಡರು ಆ ಬರಿಗೈ ಪಕ್ಷದ ಜೊತೆ ನಿಂತರು. ಎಲ್ಲಿ ಅನುಕೂಲವಿದೆ ಎಂದು ನೋಡುವ ವಯಸ್ಸಿನಲ್ಲಿ ಎಲ್ಲಿ ಕೆಲಸವಿದೆ ಎಂದು ನೋಡಿದವರು ಅವರು.

ಆ ಕೆಲಸ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಕಾದಿತ್ತು. ಅಲ್ಲಿನ ಗೇಣಿದಾರರಲ್ಲಿ ಬಹುಪಾಲು ದೀವರು. ವೃತ್ತಿಯಿಂದ ಉಪಾಧ್ಯಾಯರಾಗಿದ್ದ ಎಚ್. ಗಣಪತಿಯಪ್ಪನವರು ಅವರನ್ನು ಕೂಡಿಸಿ ರೈತ ಸಂಘ ಕಟ್ಟಿದ್ದರು. ತಕರಾರು ಹುಟ್ಟಿದ್ದು ಭೂಮಿಯ ಒಡೆತನದಂಥ ದೊಡ್ಡ ಪ್ರಶ್ನೆಯಿಂದಲ್ಲ, ಗೇಣಿಯ ಭತ್ತ ಅಳೆಯುವ ಕೊಳಗದಿಂದ. ಒಡೆಯರ ಕೊಳಗ ವಾಡಿಕೆಯ ಅಳತೆಗಿಂತ ದೊಡ್ಡದೆಂಬುದು ರೈತರ ದೂರು. ಮೇಲ್ನೋಟಕ್ಕೆ ಇದು ಹಿಡಿಯಷ್ಟು ಭತ್ತದ ಮಾತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಹಿಡಿಭತ್ತವೇ ಇಡೀ ಪ್ರಕರಣದ ತಿರುಳಾಗಿ ಕಾಣುತ್ತದೆ. ಉದಾಹರಣೆಗೆ, ಮೂರು ಸೇರು ಹಿಡಿಯಬೇಕಾದ ಕೊಳಗ ಮೂರೂವರೆ ಸೇರು ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಖಂಡುಗವೊಂದಕ್ಕೆ 10 ಸೇರು ಹೆಚ್ಚು ಹೋಯಿತು. 30 ಖಂಡುಗ ಗೇಣಿ ಕೊಡುವ ರೈತ 300 ಸೇರು, ಅಂದರೆ ಸರಿಯಾದ ಅಳತೆಯ ಐದು ಖಂಡುಗ ಭತ್ತವನ್ನು ಯಾವ ಕರಾರಿನಲ್ಲೂ ಕಾಣದ ಬಾಬ್ತಿಗೆ ಕಳೆದುಕೊಂಡ. ಗೇಣಿಯ ದರ ಏರಿಸಿದ್ದರೆ ಊರೆಲ್ಲ ಗುಲ್ಲೆದ್ದೀತು. ಕೊಳಗವನ್ನು ಹಿಗ್ಗಿಸಿದರೆ ಸದ್ದಾಗುವುದಿಲ್ಲ.

ಹೊಣೆಗಾರಿಕೆಯ ಮೊದಲ ಅಭ್ಯಾಸ ಇದೇ ಎಂದು ನಾನು ತಿಳಿದಿದ್ದೇನೆ. ಲೆಕ್ಕ ಮಾಡುವ ಮೊದಲು ಅಳತೆಗೋಲನ್ನು ನೋಡಬೇಕು. ಇಂದಿನ ಕೊಳಗ ಬೇರೆ ಬೇರೆ ವೇಷಗಳಲ್ಲಿ ಬರುತ್ತದೆ. ಸಾಲದ ಬಡ್ಡಿ ಇಳಿಯುವ ಅಸಲಿನ ಮೇಲೋ, ಮೊದಲ ದಿನದ ಪೂರ್ತಿ ಮೊತ್ತದ ಮೇಲೋ? ತಿಂಗಳ ಕಂತು ಚಿಕ್ಕದಾಗಿ ಕಂಡರೂ ಅವಧಿ ಮುಗಿಯುವಷ್ಟರಲ್ಲಿ ಕಟ್ಟುವ ಒಟ್ಟು ಹಣವೆಷ್ಟು? ಮನೆ ಬಿಡುವಾಗ ಮುಂಗಡದಲ್ಲಿ ಏನೇನು ಮುರಿದುಕೊಳ್ಳುತ್ತಾರೆ? ಅಚ್ಚುಕಟ್ಟಾಗಿ ತಿಂಗಳ ಖರ್ಚು ಬರೆದಿಡುವ ತರುಣರೂ ಈ ಪ್ರಶ್ನೆಗಳನ್ನು ಕೇಳಲು ಸಂಕೋಚಪಡುತ್ತಾರೆ. ಕಾಗೋಡಿನ ಅಕ್ಷರ ಬಾರದ ರೈತರು ಸಂಕೋಚಪಡಲಿಲ್ಲ. ಕೇಳಿದ್ದಕ್ಕೆ ಅವರು ತೆತ್ತ ಬೆಲೆಯಾದರೋ ದೊಡ್ಡದು. ಉಳುತ್ತಿದ್ದ ಗದ್ದೆಗಳಿಂದಲೇ ಅವರನ್ನು ಒಕ್ಕಲೆಬ್ಬಿಸಲಾಯಿತು.

1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹಿಡಿದು ಗದ್ದೆಗಿಳಿಯುವುದು, ಬಂಧನಕ್ಕೊಳಗಾಗುವುದು, ಮರುದಿನ ಮತ್ತೊಂದು ತಂಡ ಇಳಿಯುವುದು. ಗೋಪಾಲಗೌಡರು ಸಮಾಜವಾದಿ ಪಕ್ಷದ ಬಲವನ್ನೆಲ್ಲ ತಂದು ಇದರ ಬೆನ್ನಿಗಿಟ್ಟರು. ಜೂನ್‌ನಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದು ಬಂಧನಕ್ಕೊಳಗಾದಾಗ ಮಲೆನಾಡಿನ ಮೂಲೆಯ ಹಳ್ಳಿಯೊಂದು ದೇಶದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಆದರೆ ಗೆಲುವು ಕೂಡಲೇ ಕೈಗೆ ಬರಲಿಲ್ಲ. ಹೋರಾಟದ ಕಾವು ಇಳಿದ ಮೇಲೆಯೂ ರೈತರಿಗೆ ಸಂಸಾರವಿತ್ತು, ಹಸಿವಿತ್ತು. ಗೋಪಾಲಗೌಡರು ಅವರ ಕೈ ಬಿಡಲಿಲ್ಲ. ಹುಮ್ಮಸ್ಸಿನಿಂದ ಹೊಣೆ ವಹಿಸಿಕೊಳ್ಳುವುದು ಯೌವನಕ್ಕೆ ಸಹಜ. ಹುಮ್ಮಸ್ಸು ಆರಿದ ಮೇಲೂ ಅದನ್ನು ಕೆಳಗಿಡದೆ ನಡೆಯುವುದರಲ್ಲಿ ಮನುಷ್ಯನ ಪ್ರೌಢಿಮೆ ತಿಳಿಯುತ್ತದೆ.

ಮರುವರ್ಷ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಿಂದ ಗೋಪಾಲಗೌಡರು ನಿಂತರು. ಕೈಯಲ್ಲಿ ಹಣವಿರಲಿಲ್ಲ. ಮತದಾರರ ಬಳಿಗೆ ಹೋಗಿ ಒಂದು ಓಟಿನ ಜೊತೆಗೆ ಒಂದು ರೂಪಾಯಿಯ ನೋಟನ್ನೂ ಕೇಳಿದರು. ಇಂದು ಅಭ್ಯರ್ಥಿಯಿಂದ ಮತದಾರನ ಕಡೆಗೆ ಹರಿಯುವ ಹಣ ಅಂದು ಮತದಾರನಿಂದ ಅಭ್ಯರ್ಥಿಯ ಕಡೆಗೆ ಹರಿಯಿತು. ಗೋಪಾಲಗೌಡರು ಗೆದ್ದರು.

ಇದನ್ನು ಆದರ್ಶದ ಕತೆಯಾಗಿ ಹೇಳಿ ಮುಗಿಸುವುದು ರೂಢಿ. ನನಗೆ ಅದರಲ್ಲಿ ಹಣಕಾಸಿನ ಒಂದು ವಿವೇಕವೂ ಕಾಣುತ್ತದೆ. ಒಬ್ಬ ಸಾಹುಕಾರನಿಂದ ಸಾವಿರ ರೂಪಾಯಿ ಪಡೆದವನು ಆ ಒಬ್ಬನ ಮಾತು ಕೇಳಬೇಕಾಗುತ್ತದೆ. ಸಾವಿರ ಜನರಿಂದ ಒಂದೊಂದು ರೂಪಾಯಿ ಪಡೆದವನು ಸಾವಿರ ಜನರಿಗೆ ಉತ್ತರದಾಯಿಯಾಗುತ್ತಾನೆ, ಆದರೆ ಯಾರ ಆಳೂ ಆಗುವುದಿಲ್ಲ. ಹಣ ಎಷ್ಟು ಎಂಬುದರಷ್ಟೇ ಅದು ಯಾರಿಂದ, ಯಾವ ಷರತ್ತಿನ ಮೇಲೆ ಬಂತು ಎಂಬುದೂ ಮುಖ್ಯ. ಮದುವೆಯ ಅದ್ಧೂರಿಗೋ ಹೊಸ ವಾಹನಕ್ಕೋ ಕೈಸಾಲ ಮಾಡುವ ತರುಣರು ಈ ಪ್ರಶ್ನೆಯನ್ನು ಸಹಿ ಹಾಕುವ ಮೊದಲು ಕೇಳಿಕೊಂಡರೆ ಮುಂದಿನ ಹತ್ತು ವರ್ಷಗಳ ನಿದ್ದೆ ಉಳಿದೀತು.

1957ರಲ್ಲಿ ಗೋಪಾಲಗೌಡರಿಗೆ ಸೋಲಾಯಿತು. ಮೂವತ್ನಾಲ್ಕರ ವಯಸ್ಸಿಗೆ ಮಾಜಿ ಎನಿಸಿಕೊಳ್ಳುವುದು ಸುಲಭದ ಅನುಭವವಲ್ಲ. ಅವರು ಪಕ್ಷ ಬದಲಿಸಲಿಲ್ಲ, ಮಾತು ಬದಲಿಸಲಿಲ್ಲ. ಐದು ವರ್ಷಗಳ ನಂತರ, 1962ರಲ್ಲಿ, ಹುಟ್ಟಿದ ತಾಲ್ಲೂಕಾದ ತೀರ್ಥಹಳ್ಳಿಯೇ ಅವರನ್ನು ವಿಧಾನಸಭೆಗೆ ಕಳಿಸಿತು. 1967ರಲ್ಲೂ ಅಲ್ಲಿಂದಲೇ ಆರಿಸಿ ಬಂದರು. ಸದನದಲ್ಲಿ ಅವರದು ಕೆಲವೊಮ್ಮೆ ಸಿಡಿಲಿನಂಥ ಸಿಟ್ಟು. ಆದರೆ ಉಳುವವನಿಗೆ ಭೂಮಿ ಸಿಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬರಬೇಕು ಎಂಬ ಮೂರು ಒತ್ತಾಯಗಳನ್ನು ಅವರು ವರ್ಷಗಟ್ಟಲೆ ಒಂದೇ ಸಮನೆ ಮುಂದಿಟ್ಟರು.

ಅವರ ಓದು, ಸಂಗೀತದ ಒಲವು, ಸಾಹಿತಿಗಳ ಸಹವಾಸ ಮಲೆನಾಡಿನಲ್ಲಿ ಮನೆಮಾತು. ತಮಗಿಂತ ಕಿರಿಯರನ್ನು ಸಮಾನರಂತೆ ಕೂರಿಸಿಕೊಂಡು ಚರ್ಚಿಸುತ್ತಿದ್ದರು. ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿಯವರ ತಲೆಮಾರು ಅವರ ಪ್ರಭಾವವನ್ನು ಮನಸಾರೆ ಒಪ್ಪಿಕೊಂಡಿದೆ. ಅನಂತಮೂರ್ತಿಯವರ ಅವಸ್ಥೆ ಕಾದಂಬರಿಯ ನಾಯಕನಿಗೆ ಅವರ ಬದುಕೇ ಪ್ರೇರಣೆ. ಎಸ್. ಬಂಗಾರಪ್ಪ, ಜೆ.ಎಚ್. ಪಟೇಲ್, ಕಾಗೋಡು ತಿಮ್ಮಪ್ಪ, ಕೋಣಂದೂರು ಲಿಂಗಪ್ಪ ಮೊದಲಾದವರು ಪಳಗಿದ್ದು ಅದೇ ಗರಡಿಯಲ್ಲಿ. ದುಡಿಮೆಯ ಒತ್ತಡದಲ್ಲಿ ಮೊದಲು ಬಿಟ್ಟುಹೋಗುವುದು ಓದು ಮತ್ತು ಸ್ನೇಹ. ಅವೆರಡನ್ನೂ ಉಳಿಸಿಕೊಂಡವನಿಗೆ ಕಷ್ಟಕಾಲದಲ್ಲಿ ಸಲಹೆ ಕೇಳಲು ನಾಲ್ಕು ಮನೆಗಳಾದರೂ ಇರುತ್ತವೆ.

ಇಷ್ಟು ಹೇಳಿದ ಮೇಲೆ ಗೋಪಾಲಗೌಡರಿಂದ ಕಲಿಯಬಾರದ್ದನ್ನೂ ಹೇಳುವುದು ನ್ಯಾಯ. 1972ರ ಜೂನ್ 9ರಂದು, ಕಾಯಿಲೆಯಿಂದ ನರಳಿ, ಅವರು ತೀರಿಕೊಂಡಾಗ ವಯಸ್ಸು ಕೇವಲ 49. ಪತ್ನಿ ಸೋನಕ್ಕ ಮತ್ತು ಎಳೆಯ ಮಕ್ಕಳ ಪಾಲಿಗೆ ಅವರು ಆಸ್ತಿ ಮಾಡಿಟ್ಟಿರಲಿಲ್ಲ. ಇದನ್ನು ನಾವು ತ್ಯಾಗವೆಂದು ಕೊಂಡಾಡುತ್ತೇವೆ. ಕೊಂಡಾಡಬೇಕಾದದ್ದೇ. ಆದರೆ ಸಾರ್ವಜನಿಕ ಬದುಕಿಗೆ ಹೊರಡುವ ತರುಣ ತರುಣಿಯರಿಗೆ ನಾನು ಹೇಳುವುದು ಬೇರೆ. ದೇಹವೂ ಒಂದು ಹೊಣೆ, ಮನೆಯೂ ಒಂದು ಹೊಣೆ. ಹೊತ್ತಿಗೆ ಸರಿಯಾದ ಊಟ, ವರ್ಷಕ್ಕೊಮ್ಮೆ ವೈದ್ಯರ ಭೇಟಿ, ಆರು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ಒಂದು ಸಾಧಾರಣ ವಿಮೆ, ಇವು ಆದರ್ಶಕ್ಕೆ ವಿರೋಧಿಗಳಲ್ಲ. ಪ್ರಾಮಾಣಿಕನಾದವನು ಅರುವತ್ತು ಎಪ್ಪತ್ತರವರೆಗೂ ಪ್ರಾಮಾಣಿಕನಾಗಿಯೇ ಉಳಿದು ಕೆಲಸ ಮಾಡಲು ಇವು ಬೇಕು.

ಅವರು ಕೇಳಿದ್ದು ಅವರು ಹೋದ ಮೇಲೆ ಬಂತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಅವರನ್ನು ಗೌರವಿಸುತ್ತಿದ್ದ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರ ತನ್ನ ಹಕ್ಕಿಗಾಗಿ ನಮೂನೆ 7ರಲ್ಲಿ ಅರ್ಜಿ ಹಾಕಿಕೊಳ್ಳಬೇಕಾಗಿತ್ತು. ಹಲವು ಸಲ ವಿಸ್ತರಿಸಿದ ಕೊನೆಯ ಗಡುವು 1979ರ ಜೂನ್ 30. ಭೂನ್ಯಾಯಮಂಡಳಿಯ ಕಡತಗಳ ಪರಿಚಯವಿದ್ದವರಿಗೆ ಗೊತ್ತು, ದಶಕಗಳ ಹೋರಾಟ ಕೊನೆಗೆ ನಿಂತದ್ದು ಸಣ್ಣ ಸಂಗತಿಗಳ ಮೇಲೆ. ಪಹಣಿಯಲ್ಲಿ ಉಳುವವನ ಹೆಸರು ನಮೂದಾಗಿದೆಯೇ? ಗೇಣಿ ಕೊಟ್ಟದ್ದಕ್ಕೆ ರಸೀದಿ ಇದೆಯೇ? ಗಡುವಿನೊಳಗೆ ಅರ್ಜಿ ಬಿದ್ದಿದೆಯೇ? ಕಾಗದ ಜೋಪಾನ ಮಾಡಿದ್ದವನು, ದಿನಾಂಕ ನೆನಪಿಟ್ಟವನು ಒಡೆಯನಾದ. ನಾಳೆ ನೋಡೋಣವೆಂದವನ ಮುಂದೆ ಕಾನೂನಿನ ಬಾಗಿಲು ಮುಚ್ಚಿತು.

ಕಾಗದ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಅದೇ ಸೀಮೆ ಸಾಕ್ಷಿ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಶರಾವತಿಯ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳನ್ನು ನುಂಗಿತು. ನಾಡಿಗೆ ಬೆಳಕು ಬಂತು. ಊರು ಬಿಟ್ಟವರನ್ನು ಕಾಡಿನಂಚಿನಲ್ಲಿ ಕೂರಿಸಿದ ಸರ್ಕಾರ ಆ ನೆಲದ ದಾಖಲೆಯನ್ನು ಸಮರ್ಪಕವಾಗಿ ಮಾಡಿಕೊಡಲಿಲ್ಲ. ಆರು ದಶಕ ಕಳೆದ ಮೇಲೂ ಹಲವು ಕುಟುಂಬಗಳು ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದವು. ಅಲ್ಲಿ ತಪ್ಪು ಜನರದ್ದಲ್ಲ, ಆಡಳಿತದ್ದು. ಆದರೆ ದಂಡ ತೆತ್ತವರು ಮೊಮ್ಮಕ್ಕಳು. ಇಪ್ಪತ್ತೈದರ ಹರೆಯದವರು ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ಖಾತೆ, ಪಹಣಿಗಳನ್ನು ಒಮ್ಮೆ ತೆಗೆದು ಓದಬೇಕು, ಹಿರಿಯರು ಬದುಕಿರುವಾಗಲೇ ಅವರನ್ನು ಕೂರಿಸಿ ಕೇಳಿ ಬರೆದುಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

2023ಕ್ಕೆ ಗೋಪಾಲಗೌಡರು ಹುಟ್ಟಿ ನೂರು ವರ್ಷವಾಯಿತು. ಅವರ ಹೆಸರಿನಲ್ಲಿ ಭಾಷಣಗಳಾದವು, ಹಾರಗಳು ಬಿದ್ದವು. ಅವರ ನೆನಪಿಗೆ ಇನ್ನೂ ಹತ್ತಿರವಾದ ಕೆಲಸವೊಂದಿದೆ. ಕೈಗೆ ಬಂದ ಕರಾರನ್ನು ಪೂರ್ತಿ ಓದುವುದು, ಅಳತೆ ಸರಿಯಿಲ್ಲವೆನಿಸಿದರೆ ವಿನಯದಿಂದಲೇ ಕೇಳುವುದು, ಓದಲು ಬಾರದ ನೆರೆಯವರ ಕಾಗದವನ್ನೂ ಅಷ್ಟೇ ಶ್ರದ್ಧೆಯಿಂದ ಓದಿ ಹೇಳುವುದು. ಮೊದಲ ಎರಡನ್ನು ಮಾಡಿದವನು ತನ್ನ ಮನೆಯನ್ನು ಉಳಿಸಿಕೊಂಡಾನು. ಮೂರನೆಯದನ್ನೂ ಮಾಡಲು ತೊಡಗಿದ ದಿನ ಅವನು ಊರಿಗೂ ಬೇಕಾದವನಾಗುತ್ತಾನೆ.