ಜಪಾನಿಗೆ ಹೋಗಿ ವಿದ್ಯಾರ್ಥಿಯಾದ ಇಂಜಿನಿಯರ್

ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರ ಬಂತೆಂದರೆ ದೋಹಾ ಅಲ್ ಜದೀದಾದ ನಮ್ಮ ಕನ್ನಡ ಮನೆಗಳಲ್ಲಿ ಒಂದೇ ಮಾತು: ಮುಂದೆ ಎಲ್ಲಿ ಓದುವುದು? ಬೆಂಗಳೂರೋ, ಮಣಿಪಾಲವೋ, ಇಲ್ಲ ಇನ್ನೂ ದೂರದ ಯಾವುದಾದರೂ ದೇಶವೋ? ಕತಾರಿನಲ್ಲಿ ಬೆಳೆದ ನಮಗೆ ಪರದೇಶವೇನೂ ಹೊಸದಲ್ಲ. ಆದರೂ ಭಾಷೆ ತಿಳಿಯದ ಊರಿಗೆ ಒಬ್ಬರೇ ಹೋಗಿ ಇಳಿದಾಗ ಮೊದಲ ಕೆಲವು ದಿನಗಳು ಯಾರಿಗೂ ಸುಲಭವಲ್ಲ. ಹೋದ ಊರಿನಿಂದ ಏನನ್ನು ಕಲಿಯಬೇಕು, ಕಲಿತದ್ದನ್ನು ಯಾರಿಗಾಗಿ ಬಳಸಬೇಕು ಎಂಬ ಪ್ರಶ್ನೆ ಅದಕ್ಕಿಂತಲೂ ಕಷ್ಟದ್ದು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ಹೊತ್ತು ಜಪಾನಿಗೆ ಹೋದ ಕನ್ನಡಿಗರೊಬ್ಬರಿದ್ದಾರೆ. ಅವರೇ ಸರ್ ಎಂ. ವಿಶ್ವೇಶ್ವರಯ್ಯ.

ವಿಶ್ವೇಶ್ವರಯ್ಯನವರೆಂದರೆ ನಮಗೆ ಕನ್ನಂಬಾಡಿ ಕಟ್ಟೆ ನೆನಪಾಗುತ್ತದೆ. ಮೈಸೂರು ಪೇಟ, ಇಸ್ತ್ರಿ ಮಾಡಿದ ಕೋಟು, ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಾಚರಣೆ ನೆನಪಾಗುತ್ತವೆ. ಆದರೆ ಅವರ ಜಪಾನ್ ಪ್ರವಾಸದ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿ ಬಂದರೆ ಒಂದು ಸಾಲು ಬಂದೀತು, ಅಷ್ಟೆ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ ಅವರು ಹುಟ್ಟಿದ ಊರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ವಿಶ್ವೇಶ್ವರಯ್ಯನವರು ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿಗೆ ಬಂದ ಹುಡುಗ ಮಕ್ಕಳಿಗೆ ಮನೆಪಾಠ ಹೇಳಿ, ಅದರಿಂದ ಬಂದ ಹಣದಲ್ಲಿ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮುಂದೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಇಂಜಿನಿಯರಿಂಗ್ ಕಲಿಯಲು ಸಾಧ್ಯವಾಯಿತು. ಆ ವಿದ್ಯಾರ್ಥಿವೇತನ ಇಲ್ಲದಿದ್ದರೆ ಆ ಹುಡುಗನ ಓದು ಬಹುಶಃ ಅಲ್ಲಿಗೇ ನಿಲ್ಲುತ್ತಿತ್ತು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂತು. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ್ ಕೆಲಸ ಸಿಕ್ಕಿತು. ಮುಂದಿನ ವರ್ಷಗಳಲ್ಲಿ ಸಿಂಧ್ ಪ್ರದೇಶದ ಸಕ್ಕರ್ ಪಟ್ಟಣಕ್ಕೆ ಸಿಂಧೂ ನದಿಯಿಂದ ಕುಡಿಯುವ ನೀರು ತರುವ ಕೆಲಸ ಮಾಡಿ ಅವರು ಹೆಸರು ಗಳಿಸಿದರು. ಪುಣೆಯಲ್ಲಿದ್ದಾಗ ಮಹಾದೇವ ಗೋವಿಂದ ರಾನಡೆ, ಗೋಪಾಲಕೃಷ್ಣ ಗೋಖಲೆ ಮೊದಲಾದವರ ಪರಿಚಯವಾಯಿತು. ನಮ್ಮ ದೇಶ ಏಕೆ ಬಡವಾಗಿದೆ, ಇದಕ್ಕೆ ಉಪಾಯವೇನು ಎಂಬ ಚರ್ಚೆ ಆ ವಲಯದಲ್ಲಿ ಸದಾ ನಡೆಯುತ್ತಿತ್ತು.

1898ರಲ್ಲಿ ಅವರು ರಜೆ ಪಡೆದು ಜಪಾನಿಗೆ ಹೊರಟರು. ಆಗ ಅವರ ವಯಸ್ಸು ನಲವತ್ತರ ಹತ್ತಿರ. ಕೈಯಲ್ಲಿ ಒಳ್ಳೆಯ ಸರ್ಕಾರಿ ನೌಕರಿಯಿತ್ತು. ಆ ಕಾಲದ ಓದಿದ ಭಾರತೀಯರಿಗೆ ಪರದೇಶವೆಂದರೆ ಸಾಮಾನ್ಯವಾಗಿ ಇಂಗ್ಲೆಂಡ್. ಇವರು ಪೂರ್ವಕ್ಕೆ ಮುಖ ಮಾಡಿದರು. ವಿಮಾನವಿಲ್ಲದ ಕಾಲ, ವಾರಗಟ್ಟಲೆ ಹಡಗಿನಲ್ಲೇ ಪ್ರಯಾಣ. ಸಮುದ್ರ ದಾಟಿದರೆ ಮೈಲಿಗೆ ಎನ್ನುವವರು ಊರೂರಲ್ಲೂ ಇದ್ದರು. ಆದರೆ ಜಪಾನಿನ ಕಡೆಗೆ ದಾರಿ ಆಗಲೇ ತೆರೆದಿತ್ತು. ಜೆಮ್‌ಶೆಟ್‌ಜಿ ಟಾಟಾ ಅವರ ಸಹಕಾರದಿಂದ 1893ರಲ್ಲಿ ಜಪಾನಿನ ಹಡಗು ಕಂಪನಿಯೊಂದು ಕೋಬೆ ಮತ್ತು ಮುಂಬಯಿಗಳ ನಡುವೆ ಸಂಚಾರ ಆರಂಭಿಸಿತ್ತು. ಅದೇ ವರ್ಷ ಸ್ವಾಮಿ ವಿವೇಕಾನಂದರು ಷಿಕಾಗೋಗೆ ಹೋಗುವಾಗ ಜಪಾನನ್ನು ನೋಡಿ ಮೆಚ್ಚಿದ್ದರು. ಟಾಟಾ ಅವರು ಜಪಾನಿನ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ಒಂದು ರೇಷ್ಮೆ ತೋಟವನ್ನೂ ಮಾಡಿಸಿದರು. ಬಸವನಗುಡಿಯ ಕಡೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ.

ಹಾಗಾದರೆ 1898ರ ಜಪಾನಿನಲ್ಲಿ ಇಳಿದ ಭಾರತೀಯನಿಗೆ ಹೊಸದಾಗಿ ಕಾಣುವಂಥದ್ದು ಏನಿತ್ತು? ರೈಲು ನಮ್ಮಲ್ಲೂ ಇತ್ತು. ಆದರೆ ಇಲ್ಲಿ ಮೇಲಿನ ಅಧಿಕಾರ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿ ಎಲ್ಲವೂ ಜಪಾನೀಯರ ಕೈಯಲ್ಲಿತ್ತು. ಟೋಕಿಯೊದಿಂದ ಕೋಬೆಯವರೆಗಿನ ರೈಲುದಾರಿ 1889ರಲ್ಲೇ ಮುಗಿದಿತ್ತು. ಬಿವಾ ಸರೋವರದ ನೀರನ್ನು ಕ್ಯೋಟೋ ನಗರಕ್ಕೆ ತಂದ ಕಾಲುವೆ 1890ರಲ್ಲಿ ಸಿದ್ಧವಾಗಿ, ಅದರ ನೀರಿನಿಂದ ವಿದ್ಯುತ್ ತಯಾರಾಗುತ್ತಿತ್ತು. ಆ ಕಾಲುವೆಯ ಇಂಜಿನಿಯರ್ ತನಾಬೆ ಸಕುರೊ, ಕಾಲೇಜು ಮುಗಿಸಿದೊಡನೆ ಆ ಕೆಲಸಕ್ಕೆ ಕೈ ಹಾಕಿದ ತರುಣ. ಇಷ್ಟೆಲ್ಲ ನಡೆದದ್ದು 1868ರ ರಾಜಕೀಯ ಬದಲಾವಣೆಯಾದ ಮೂವತ್ತೇ ವರ್ಷಗಳಲ್ಲಿ.

ಇದರ ಗುಟ್ಟು ಶಾಲೆಯಲ್ಲಿತ್ತು. 1872ರಲ್ಲಿ ಜಪಾನ್ ಸರ್ಕಾರ ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಶಾಸನ ತಂದಿತು. ಊರೂರಿಗೂ ಶಾಲೆ ಬೇಕು, ಗಂಡುಮಕ್ಕಳಂತೆ ಹೆಣ್ಣುಮಕ್ಕಳೂ ಕಲಿಯಬೇಕು ಎಂಬುದು ಅದರ ಗುರಿ. ಮೊದಲು ಹೊರದೇಶಗಳಿಂದ ಹೆಚ್ಚಿನ ಸಂಬಳ ಕೊಟ್ಟು ಅಧ್ಯಾಪಕರನ್ನೂ ತಜ್ಞರನ್ನೂ ಕರೆಸಿದರು. ಜೊತೆಗೆ ತಮ್ಮ ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕಳುಹಿಸಿದರು. ಕಲಿತವರು ಹಿಂತಿರುಗಿದಂತೆ ಹೊರಗಿನ ತಜ್ಞರ ಜಾಗಗಳನ್ನು ಅವರೇ ತುಂಬಿದರು. 1871ರಲ್ಲಿ ಹೀಗೆ ಅಮೆರಿಕಕ್ಕೆ ಹೊರಟ ಐವರು ಹುಡುಗಿಯರಲ್ಲಿ ಅತಿ ಚಿಕ್ಕವಳಾದ ತ್ಸುದಾ ಉಮೆಕೊಗೆ ಆಗ ಆರು ವರ್ಷ! ಹನ್ನೊಂದು ವರ್ಷಗಳ ನಂತರ ಊರಿಗೆ ಮರಳಿದಾಗ ಆಕೆಗೆ ತನ್ನ ತಾಯ್ನುಡಿಯೇ ಮರೆತುಹೋಗಿತ್ತು. ಅದನ್ನು ಹೊಸದಾಗಿ ಕಲಿತು, ಮುಂದೆ 1900ರಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದಳು. 2024ರಲ್ಲಿ ಬಂದ ಜಪಾನಿನ ಐದು ಸಾವಿರ ಯೆನ್ ನೋಟಿನ ಮೇಲೆ ಆಕೆಯ ಚಿತ್ರವಿದೆ. ಮನೆಯಲ್ಲಿ ಕನ್ನಡ ಮಾತನಾಡಲು ತಡವರಿಸುವ ನಮ್ಮಂಥ ಮಕ್ಕಳು ಆಕೆಯ ಕಥೆಯನ್ನು ಓದಲೇಬೇಕು.

ವಿಶ್ವೇಶ್ವರಯ್ಯನವರು ಅಲ್ಲಿದ್ದದ್ದು ಸುಮಾರು ಮೂರು ತಿಂಗಳು. ಯಾವ ಕಾಲೇಜಿಗೂ ಅವರು ಸೇರಲಿಲ್ಲ, ಯಾವ ಪದವಿಯನ್ನೂ ತರಲಿಲ್ಲ. ಆದರೂ ಅವರು ಅಲ್ಲಿ ವಿದ್ಯಾರ್ಥಿಯೇ ಆಗಿದ್ದರು ಎಂದು ನಮಗೆ ಅನ್ನಿಸುತ್ತದೆ. ಜಪಾನಿನ ಶಿಕ್ಷಣ ಮತ್ತು ಕೈಗಾರಿಕೆಗಳನ್ನು ಅಭ್ಯಾಸ ಮಾಡುವುದೇ ಅವರ ಉದ್ದೇಶವಾಗಿತ್ತು. ಎಲ್ಲರಿಗೂ ಪ್ರಾಥಮಿಕ ಶಿಕ್ಷಣ, ಅದರ ಮೇಲೆ ಕಸುಬಿನ ಶಿಕ್ಷಣ, ಅವೆರಡರ ಬಲದಿಂದ ಕೈಗಾರಿಕೆ ಎಂಬ ಕ್ರಮ ಅವರ ಮನಸ್ಸಿನಲ್ಲಿ ನೆಲೆಯೂರಿತು. ಆದರೆ ಮರಳಿ ಬಂದ ಕೂಡಲೇ ಅದನ್ನು ಜಾರಿಗೆ ತರುವ ಅಧಿಕಾರ ಅವರಿಗಿರಲಿಲ್ಲ. ಪರರ ಸರ್ಕಾರದಲ್ಲಿ ಅವರು ಒಬ್ಬ ನೌಕರ. ಹದಿನಾಲ್ಕು ವರ್ಷ ಕಾಯಬೇಕಾಯಿತು.

ಆ ನಡುವೆ ಅವರು ಸುಮ್ಮನೆ ಕುಳಿತಿರಲಿಲ್ಲ. ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ನೆರೆ ಬಂದಾಗ ತಾವೇ ತೆರೆದುಕೊಳ್ಳುವ ಬಾಗಿಲುಗಳನ್ನು ರೂಪಿಸಿದರು. 1906ರಲ್ಲಿ ಸರ್ಕಾರ ಅವರನ್ನು ಏಡನ್ ನಗರಕ್ಕೆ ಕಳುಹಿಸಿತು. ಮಳೆಯೇ ಅಪರೂಪವಾದ ಆ ಅರಬ್ ಬಂದರಿಗೆ ಕುಡಿಯುವ ನೀರು ಮತ್ತು ಚರಂಡಿಯ ಯೋಜನೆ ಮಾಡಿಕೊಟ್ಟರು. ಮರಳುಗಾಡಿನ ನಾಡಿನಲ್ಲಿ ಒಂದೊಂದು ಹನಿ ನೀರಿನ ಬೆಲೆ ಏನೆಂಬುದು ನಮಗೂ ಗೊತ್ತು. 1908ರ ಮೂಸಿ ನದಿಯ ಪ್ರವಾಹದ ನಂತರ ಹೈದರಾಬಾದಿಗೆ ನೆರವಾದರು. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರರಾದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು.

ಆಮೇಲೆ ನಡೆದದ್ದು ಇತಿಹಾಸ. 1913ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಮತ್ತು ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು. ಗಂಧದೆಣ್ಣೆ, ಸಾಬೂನು, ಭದ್ರಾವತಿಯ ಕಬ್ಬಿಣ ಎಲ್ಲವೂ ಆ ಕಾಲದ ಯೋಜನೆಗಳೇ. ಅವರು ದಿವಾನರಾಗಿದ್ದ ಆರು ವರ್ಷಗಳಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡು ಪಟ್ಟಿಗಿಂತ ಹೆಚ್ಚಾಯಿತು. ತಮ್ಮನ್ನು ಓದಿಸಿದ ವಿದ್ಯಾರ್ಥಿವೇತನದ ಋಣವನ್ನು ಅವರು ಹೀಗೆ ತೀರಿಸಿದರು.

ಅವರ ಎಲ್ಲ ನಿಲುವುಗಳನ್ನೂ ಎಲ್ಲರೂ ಒಪ್ಪಿದರೆಂದಲ್ಲ. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ವರ್ಗದವರಿಗೆ ಪ್ರಾತಿನಿಧ್ಯ ಕೊಡುವುದಕ್ಕಾಗಿ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಇದು ಸಮ್ಮತವಾಗಲಿಲ್ಲ. ಮೊದಲು ಎಲ್ಲರೂ ಓದಲಿ, ಕೆಲಸ ಅರ್ಹತೆಯಿಂದಲೇ ಸಿಗಲಿ ಎಂಬುದು ಅವರ ವಾದ. ತಲೆಮಾರುಗಳಿಂದ ಓದಿನ ಬಾಗಿಲು ಮುಚ್ಚಿದ್ದವರು ಇನ್ನೆಷ್ಟು ದಿನ ಕಾಯಬೇಕು ಎಂಬುದು ಇನ್ನೊಂದು ಕಡೆಯ ಪ್ರಶ್ನೆ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು. ಮಹಾರಾಜರ ನಿರ್ಧಾರದಿಂದ ಅನೇಕ ಮನೆಗಳಿಗೆ ಬೆಳಕು ಬಂತೆಂಬುದನ್ನೂ ನಾವು ತಿಳಿದಿರಬೇಕು. ದೊಡ್ಡವರನ್ನು ಗೌರವಿಸುವುದೆಂದರೆ ಅವರ ಎರಡೂ ಮುಖಗಳನ್ನು ಅರಿಯುವುದು.

1919ರಲ್ಲಿ ಅವರು ಮತ್ತೆ ಜಪಾನಿಗೆ ಹೋದರು, ಅಲ್ಲಿಂದ ಅಮೆರಿಕ, ಯೂರೋಪುಗಳನ್ನು ಸುತ್ತಿದರು. 1920ರಲ್ಲಿ ಭಾರತದ ಪುನರ್ನಿರ್ಮಾಣದ ಬಗ್ಗೆ ಪುಸ್ತಕ ಬಂತು. ಭದ್ರಾವತಿ ಕಾರ್ಖಾನೆಯ ದುಡಿಮೆಗೆ ತಮಗೆ ಬರಬೇಕಾಗಿದ್ದ ಹಣವನ್ನು ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಕೊಡಿಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಸಂಸ್ಥೆಯೇ ಮುಂದೆ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಆಯಿತು. 1955ರಲ್ಲಿ ಅವರಿಗೆ ಭಾರತರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ಅವರು ತೀರಿಕೊಂಡರು.

ನಾವಿರುವ ಕತಾರಿಗೂ ಜಪಾನಿಗೂ ಹಳೆಯ ನಂಟಿದೆ. 1893ರಲ್ಲಿ ಮಿಕಿಮೊಟೊ ಕೊಕಿಚಿ ಎಂಬ ಜಪಾನೀಯ ಚಿಪ್ಪಿನೊಳಗೆ ಮುತ್ತು ಬೆಳೆಸುವುದರಲ್ಲಿ ಯಶಸ್ವಿಯಾದ. ಆ ವಿದ್ಯೆ ಬೆಳೆದು, ಅಗ್ಗದ ಮುತ್ತು ಮಾರುಕಟ್ಟೆಗೆ ಬಂದಾಗ, ಸಮುದ್ರದಾಳಕ್ಕೆ ಮುಳುಗಿ ಮುತ್ತು ತೆಗೆಯುತ್ತಿದ್ದ ಇಲ್ಲಿನ ಜನರ ಜೀವನ 1930ರ ದಶಕದಲ್ಲಿ ಕುಸಿದುಬಿತ್ತು. ಹಲವು ದಶಕಗಳ ನಂತರ, 1996ರ ಕೊನೆಯಲ್ಲಿ, ಕತಾರಿನ ದ್ರವೀಕೃತ ಅನಿಲ ಹೊತ್ತ ಮೊದಲ ಹಡಗು ಹೊರಟದ್ದೂ ಜಪಾನಿಗೇ. ಕಲಿಕೆ ಒಂದು ಊರನ್ನು ಮುಳುಗಿಸಲೂ ಬಲ್ಲದು, ಎತ್ತಲೂ ಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ನಮ್ಮಲ್ಲಿ ಕೆಲವರು ಮುಂದಿನ ವರ್ಷ ಪೆಟ್ಟಿಗೆ ಕಟ್ಟುತ್ತೇವೆ. ಬಟ್ಟೆ, ಉಪ್ಪಿನಕಾಯಿ, ಚಟ್ನಿಪುಡಿಗಳ ಜೊತೆಗೆ ಒಂದು ಖಾಲಿ ನೋಟ್‌ಪುಸ್ತಕವನ್ನೂ ಇಟ್ಟುಕೊಳ್ಳೋಣ. ಆ ಊರು ಹೇಗೆ ನಡೆಯುತ್ತದೆ, ಅಲ್ಲಿನ ಶಾಲೆಗಳು ಹೇಗಿವೆ, ನೀರು ಎಲ್ಲಿಂದ ಬರುತ್ತದೆ ಎಂದು ಮೊದಲ ದಿನದಿಂದಲೇ ಕೇಳಿ ಬರೆದಿಡೋಣ. ಬರೆದದ್ದು ಯಾವಾಗ ಉಪಯೋಗಕ್ಕೆ ಬರುತ್ತದೆಂದು ಹೇಳಲಾಗದು. ವಿಶ್ವೇಶ್ವರಯ್ಯನವರು ಹದಿನಾಲ್ಕು ವರ್ಷ ಕಾದರು.